ಹವ್ವನ ಮ್ಯಾಲ ಎಷ್ಟಂತ ಹಾಕತೀರಿ?

ಈ ಸಲದ ಪಂಚಮಿ ಮರುದಿನ ಎದುರುಮನಿ ಅಕ್ಕಾರು ಉಂಡಿ ಡಬ್ಬಿ ತಗೊಂಡು ಬಂದಿದ್ರು. ವರ್ಷಾ ಬರ್ತಾರ. ಶೇಂಗಾದುಂಡಿ, ಎಳ್ಳುಂಡಿ, ರವಾ ಉಂಡಿ, ಮ್ಯಾಲ ಒಂದಿಷ್ಟು ಅಳ್ಳಿಟ್ಟು. ಕ್ರಿಸ್ಮಸ್ಸಿಗೆ ನಮ್ಮ ಮನೀಂದ ಕರ್ಚಿಕಾಯಿ, ಕೇಕು ಅವರ ಮನಿಗೆ ಹೋಗ್ತಾವ. ಡಬ್ಬಿ ಖಾಲಿ ಹೊಳ್ಳಿ ಕೊಡೋ ರೂಢಿ ಎರಡೂ ಮನಿಯೊಳಗ ಇಲ್ಲ. ಅದಕ್ಕ ನಾ ಅಡಗಿಮನಿಯೊಳಗ ಏನರ ಹುಡುಕಾಕತ್ತಿದ್ದೆ. ಹೊರಗ ನಮ್ಮ ನೆಗೆಣ್ಣಿ ಅವರ ಜೋಡಿ ಮಾತಾಡ್ಕೋತ ಕೂತಿದ್ಲು.

ಅಕ್ಕಾರು ನಕ್ಕೋತ ಕೇಳಿದ್ರು: "ಅಲ್ರೀ, ನಿನ್ನೆ ನಾವು ನಾಗಪ್ಪಗ ಹಾಲು ಎರದು ಬಂದ್ವಿ. ನಿಮ್ಮ ಪುಸ್ತಕದಾಗ ಸುರುವಾತಿಗೇ ಹಾವಿಗೆ ಶಾಪ ಐತಂತಲ್ಲ? ಪಾಪ, ಅದೇನು ಮಾಡಿತ್ತು?"

ನೆಗೆಣ್ಣಿ ಥಟ್ಟನ ಅಂದ್ಲು: "ಹಾವಿಂದೇನೈತ್ರೀ ಅಕ್ಕಾರ. ಹೆಂಗಸಿಂದನ ಎಲ್ಲಾ ಕೆಟ್ಟಿದ್ದು. ಸಣ್ಣವರಿದ್ದಾಗಿಂದ ಅದನ್ನ ಕೇಳ್ಕೋತ ಬಂದೇವಿ."

ಇಬ್ರೂ ನಕ್ಕರು. ನನಗ ನಗು ಬರಲಿಲ್ಲ. ಯಾಕ ಬರಲಿಲ್ಲ ಅನ್ನೋದನ್ನ ಮುಂದ ಹೇಳ್ತೀನಿ. ಮೊದಲ ಅಕ್ಕಾರು ಕೇಳಿದ್ದಕ್ಕ ಉತ್ತರ ಕೊಡಬೇಕು. ಅವತ್ತ ಕೊಡಾಕ ಆಗಲಿಲ್ಲ, ನಾಕು ಚಕ್ಕುಲಿ ಡಬ್ಬಿಗೆ ಹಾಕಿ ಕಳಿಸಿಬಿಟ್ಟೆ.

ಕತಿ ಹಾವಿನಿಂದ ಸುರು ಆಗೂದಿಲ್ರೀ ಅಕ್ಕಾರ. ಛಲೋದರಿಂದ ಸುರು ಆಗತೈತಿ. ಆದಿಕಾಂಡದ ಮೊದಲನೇ ಅಧ್ಯಾಯ ಓದಿದ್ರ, ದೇವರು ಒಂದೊಂದ ಕೆಲಸ ಮುಗಿಸಿದಾಗ ಅದನ್ನ ಹೊಳ್ಳಿ ನೋಡ್ತಾನ. ನೋಡಿ, ಛಲೋ ಆಗೇತಿ ಅಂತಾನ. ಬೆಳಕು, ನೀರು, ನೆಲ, ಹುಲ್ಲು, ಗಿಡ, ನಾಕನೇ ದಿನಕ್ಕ ಸೂರ್ಯ ಚಂದ್ರ, ಐದಕ್ಕ ಮೀನು ಹಕ್ಕಿ, ಆರಕ್ಕ ದನಾ ಕರಾ, ಕಡೀಕ ಮನಷ್ಯಾರು, ಗಂಡೂ ಹೆಣ್ಣೂ ಇಬ್ರೂ ತನ್ನ ಹೋಲಿಕಿಯೊಳಗ. ಆಮ್ಯಾಲ ಎಲ್ಲಾನೂ ಒಟ್ಟಿಗೆ ನೋಡಿ ಭಾಳ ಛಲೋ ಆಗೇತಿ ಅಂತಾನ. ನನಗ ಈ ನೋಡೂದು ಸೇರತೈತಿ. ರಾತ್ರಿ ಕಟ್ಟಿ ಒರಸಿ, ಭಾಂಡಿ ಬೋರಲಾ ಹಾಕಿ, ದೀಪಾ ಆರಸೋ ಮೊದಲ ಅಡಗಿಮನಿ ಬಾಗಲದಾಗ ಒಂದ ಗಳಿಗಿ ನಿಂತು ನೋಡತೀವಲ್ಲ, ಹಂಗ. ಯಾರೂ ಹೊಗಳೂದಿಲ್ಲ, ನಮ್ಮಷ್ಟಕ್ಕ ನಾವು ನೋಡಿ ಸಮಾಧಾನ ಪಡತೀವಿ.

ಏಳನೇ ದಿನ ವಿಶ್ರಾಂತಿ ಅನ್ನೋ ಮಾತು ಮಾತ್ರ ನಮಗ ಲಾಗೂ ಇಲ್ಲ ಬಿಡ್ರಿ. ಐತ್ವಾರ ಚರ್ಚು ಮುಗಿಸಿ ಬಂದು ಎರಡು ಪಟ್ಟು ಅಡಗಿ. ಆಜ್ಞಾದೊಳಗ ಮಗ, ಮಗಳು, ಆಳು, ದಾಸಿ, ದನಾ, ಪರಊರವರು ಸುದ್ದಾ ಅವತ್ತ ಕೆಲಸ ಮಾಡಬಾರದು ಅಂತ ಪಟ್ಟಿ ಐತಿ, ಹೆಂಡ್ತಿ ಹೆಸರಿಲ್ಲ. ಒಮ್ಮೆ ನಮ್ಮ ಅಯ್ಯನವರಿಗೆ ಕೇಳಿದ್ದೆ. "ನೀನು ಅಂದ್ರ ಅದರಾಗ ಹೆಂಡ್ತೀನೂ ಬಂದ್ಲವಾ" ಅಂದ್ರು. ಬರಲಿ.

ಮನಷ್ಯಾನ್ನ ಮಾಡಿದ್ದು ಮಣ್ಣಿಂದ. ಇಬ್ರಿ ಭಾಷಾದಾಗ ನೆಲಕ್ಕ ಅದಾಮಾ ಅಂತಾರ, ಅದರಿಂದ ಆದಾಮ. ನಮ್ಮ ಹುಡುಗ್ರು ಮಣ್ಣೆತ್ತಿನ ಅಮಾಸಿಗೆ ಕರಿ ಎರಿಮಣ್ಣು ಹದಾ ಮಾಡಿ ಎತ್ತು ತಿದ್ದತಾವಲ್ಲ, ಅಷ್ಟ ಅಕ್ಕರತಿಯಿಂದ ತಿದ್ದಿದಂಗ ನನಗ ಕಾಣತೈತಿ. ಹೆಣ್ಣನ್ನ ಅವನ ಪಕ್ಕದಿಂದ ತಗದು ಮಾಡಿ, ಸಹಾಯಕ್ಕಂತ ಕೊಟ್ಟ. ಈ ಸಹಾಯಕಿ ಅನ್ನೋ ಮಾತನ್ನ ಮದವಿ ಉಪದೇಶದಾಗ ಕೇಳಿ ಕೇಳಿ ನನಗ ಸಾಕಾಗಿತ್ತು, ಮನಿಗೆಲಸದವಳು ಅನ್ನೂಹಂಗ ಹೇಳತಾರ. ಆದ್ರ ಇಬ್ರಿ ಭಾಷಾದೊಳಗ ಅಲ್ಲಿರೋ ಮಾತು ಏಜೆರ್. ಕೀರ್ತನೆಗಳ ಒಳಗ ದೇವರನ್ನ ನಮ್ಮ ಸಹಾಯ ಅಂತ ಕರದಾಗ ಬರೂದೂ ಅದೇ ಮಾತು. ಹಂಗಾರ ಅದು ಸಣ್ಣ ಕೆಲಸ ಹೆಂಗಾದೀತು?

ಇನ್ನ ಹಣ್ಣಿನ ಮಾತು. ಸಂಡೇ ಸ್ಕೂಲಿನ ಚಿತ್ರದಾಗ ಸೇಬು ಬರದಿರ್ತಾರ. ಪುಸ್ತಕದಾಗ ಬರೇ ಹಣ್ಣು ಅಂತ ಐತಿ. ಚಿತ್ರದಾಗ ಹವ್ವ ಒಬ್ಬಾಕಿನ ಗಿಡದ ಕೆಳಗ ಹಾವಿನ ಜೋಡಿ ನಿಂತಿರ್ತಾಳ, ಆದಾಮ ಎಲ್ಲೋ ದೂರ ಹೊಲದಾಗ ಇದ್ದಂಗ. ಆದ್ರ ಮೂರನೇ ಅಧ್ಯಾಯದ ಆರನೇ ವಚನ ಸಾವಕಾಶ ಓದ್ರಿ: ಅಕಿ ತಿಂದು, ತನ್ನ ಜೋಡಿ ಇದ್ದ ಗಂಡಗ ಕೊಟ್ಟಳು. ಜೋಡಿನ ಇದ್ದ! ಹಾವಿನ ಮಾತು ಅವನ ಕಿವಿಗೂ ಬಿದ್ದಿರಬೇಕು. ಒಂದ ಮಾತು ತುಟಿಪಿಟಕ್ಕ ಅನ್ನಲಿಲ್ಲ. ಬ್ಯಾಡ ಅನ್ನಲಿಲ್ಲ. ಕೊಟ್ಟಾಗ ತಿಂದ. ಇದನ್ನ ಯಾವ ಉಪದೇಶದಾಗನೂ ನಾ ಕೇಳಿಲ್ಲ.

ಹಂಗಂತ ಹವ್ವಂದು ತಪ್ಪಿಲ್ಲ ಅಂತ ನಾ ಹೇಳಾಕತ್ತಿಲ್ಲ. ಈಗಿನ ಕೆಲವು ಹೆಣ್ಣುಮಕ್ಕಳು ಅಕಿನ್ನ ದೊಡ್ಡ ಶೂರಳು ಮಾಡಿ ಬರೀತಾರ. ಅದೂ ನನಗ ಒಪ್ಪಿಗಿ ಇಲ್ಲ. ಬ್ಯಾಡ ಅಂದಿದ್ದು ಅಕಿಗೆ ಗೊತ್ತಿತ್ತು, ಕೈ ಚಾಚಿದ್ದು ಅಕಿದನ. ತಪ್ಪು ತಪ್ಪ. ಆದ್ರ ತಿಂದಿದ್ದು ಒಂದ ವಚನ, ತಿಂದಮ್ಯಾಲ ಮಾಡಿದ್ದು ಏಳು ವಚನ. ಅಂಜೂರದ ಎಲಿ ಹೊಲಕೊಂಡ್ರು, ಗಿಡದ ಮರಿಗೆ ಅಡಗಿದ್ರು. ತಂಪೊತ್ತಿನಾಗ ದೇವರು ತ್ವಾಟದಾಗ ಅಡ್ಡಾಡಕೋತ ಬಂದು, ಎಲ್ಲಿ ಅದೀ ಅಂತ ಕೇಳಿದ. ಗೊತ್ತಿಲ್ಲಂತ ಕೇಳಿದ್ದಲ್ಲ. ಹುಡುಗ್ರು ಬೆಲ್ಲದ ಡಬ್ಬಿಗೆ ಕೈ ಹಾಕಿ ಪಡದೆ ಹಿಂದ ಅಡಗಿದಾಗ, ಪಡದೆ ಕೆಳಗ ಕಾಲು ಕಾಣಾಕತ್ತಿದ್ರೂ, ಎಲ್ಲಿ ಅದಾನ ನನ್ನ ಮಗ ಅಂತ ನಾವು ಕೇಳತೀವಿ. ತಾನಾಗೇ ಹೊರಗ ಬರಲಿ ಅಂತ.

ಆದಾಮ ಬಂದ. ಬಂದು ಏನಂದ? ನೀ ಕೊಟ್ಟ ಹೆಂಗಸು ಕೊಟ್ಲು, ತಿಂದೆ. ಒಂದ ಮಾತಿನಾಗ ಹೆಂಡ್ತಿ ಮ್ಯಾಲೂ ಹಾಕಿದ, ದೇವರ ಮ್ಯಾಲೂ ಹಾಕಿದ. ಹವ್ವಗ ಕೇಳಿದ್ರ ಹಾವಿನ ಮ್ಯಾಲ ಹಾಕಿದ್ಲು. ಹಾವಿಗೆ ದೇವರು ಕೇಳಲೇ ಇಲ್ಲ. ಕೇಳಿದ್ರ ಅದು ಯಾರ ಮ್ಯಾಲ ಹಾಕತಿತ್ತೋ.

ಪಾಪ ಅಂದ್ರ ನನ್ನ ತಿಳವಳಿಕಿಯೊಳಗ ಇದು. ಹಣ್ಣಿಗೆ ಕೈ ಹಾಕಿದ್ದು ಅದರ ಬಾಗಲು. ಒಳಗ ಹೋದಮ್ಯಾಲ ಇರೋ ಮನಿ ಯಾವುದಂದ್ರ, ನಾನಲ್ಲ ಅಕಿ, ನಾನಲ್ಲ ಅದು. ಇದನ್ನ ತಿಮೊಥೆಗೆ ಬರದ ಕಾಗದದ ಒಂದ ವಚನಾ ಹಿಡಕೊಂಡು ಹೆಂಗಸರ ಮುಂದ ಓದೋ ದೊಡ್ಡಮನಷ್ಯಾರು ಅದಾರ; ಮೋಸ ಹೋದಾಕಿ ಹೆಣ್ಣು, ಆದಾಮ ಅಲ್ಲ ಅಂತ ಅದರಾಗ ಐತಿ. ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಅದೇ ಪೌಲನ ಹೆಸರಿನಾಗ ರೋಮಾಪುರದವರಿಗೆ ಬರದ ಕಾಗದ ಐತಿ, ಅದರ ಐದನೇ ಅಧ್ಯಾಯದಾಗ ಪಾಪ ಲೋಕಕ್ಕ ಬಂದಿದ್ದು ಆದಾಮನಿಂದ ಅಂತನ ಹೇಳೇತಿ, ಹವ್ವನ ಹೆಸರೂ ಎತ್ತಿಲ್ಲ. ಒಂದನ್ನ ಓದಿ ಒಂದನ್ನ ಮುಚ್ಚೂದು, ಅದೂ ಅಂಜೂರದ ಎಲಿನ.

ಇನ್ನೊಂದು. ಶಾಪ ಅನ್ನೋ ಮಾತು ಆ ಅಧ್ಯಾಯದಾಗ ಬರೂದು ಎರಡಕ್ಕ, ಹಾವಿಗೆ ಮತ್ತ ನೆಲಕ್ಕ. ಹವ್ವಗ ಬ್ಯಾನಿ ಹೇಳಿದ, ಆದಾಮಗ ಬೆವರು ಹೇಳಿದ. ನೆಲಕ್ಕ ಮಾತ್ರ, ನಿನ್ನ ದೆಸಿಯಿಂದ ಅದಕ್ಕ ಶಾಪ, ಮುಳ್ಳು ಬೆಳೀತೈತಿ ಅಂದ. ಅಕ್ಕಾರ, ನೀವು ಹಾವು ಏನು ಮಾಡಿತ್ತು ಅಂತ ಕೇಳಿದ್ರಿ. ನನಗ ನೆಲಾ ಏನು ಮಾಡಿತ್ತು ಅನಸತೈತಿ. ತಪ್ಪು ಮಾಡಿದವರು ಇಬ್ರು, ಮುಳ್ಳು ಹೊರೂದು ಅದು. ಯಾರೋ ಮಾಡಿದ್ದು, ಬಾಯಿಲ್ಲದ ಇನ್ಯಾರೋ ಹೊರೂದು.

ಈಗ ನನಗ ಯಾಕ ನಗು ಬರಲಿಲ್ಲ ಅಂತ ಹೇಳ್ತೀನಿ.

ಎಂಟು ವರ್ಷದ ಹಿಂದ ನಮ್ಮತ್ತಿ ಬಚ್ಚಲದಾಗ ಜಾರಿಬಿದ್ದು ತೊಡಿ ಎಲುಬು ಮುರಕೊಂಡಿದ್ದು ನಿಮಗೆಲ್ಲಾ ಗೊತ್ತೈತಿ. ದವಾಖಾನಿಗೆ ನೋಡಾಕ ಬಂದವರು ಇದನ್ನ ಓದಾಕತ್ತೀರಿ. ಬಚ್ಚಲದಾಗ ಸಬಕಾರದ ನೀರು ಬಿಟ್ಟಿದ್ದು ನಮ್ಮ ನೆಗೆಣ್ಣಿ ಅಂತನೂ ಎಲ್ಲಾರಿಗೂ ಗೊತ್ತೈತಿ. ಅದು ಸುಳ್ಳು. ಬಿಟ್ಟಾಕಿ ನಾನು.

ಅವತ್ತ ಮುಂಜಾನೆ ಅಕಿ ಅರವಿ ಒಗದಿದ್ದು ಖರೇ. ಒಗದು, ನೀರು ಹೊಡದು, ಕಸಬರಗಿಲೆ ತಿಕ್ಕಿನೂ ಹೋಗಿದ್ಲು. ಅಕಿ ಹೋದಮ್ಯಾಲ ನಾ ಎರಡು ಕೌದಿ ನೆನಸಿ ತುಳದೆ. ಅಷ್ಟರಾಗ ಒಲಿ ಮ್ಯಾಲಿನ ಹಾಲು ಉಕ್ಕೋ ವಾಸನಿ ಬಂತು, ಓಡಿದೆ. ಹಾಲು ಇಳಿಸಿ, ಒಲಿ ಒರಸಿ, ಮತ್ತ ಯಾವುದೋ ಕೆಲಸಕ್ಕ ಹತ್ತಿದೆ. ಫರಸಿ ಮ್ಯಾಲ ನೊರಿ ಹಂಗ ಇತ್ತು. ಅತ್ತಿ ಹೋದ್ರು.

ದವಾಖಾನಿಯೊಳಗ ನಮ್ಮ ಮೈದುನ ಕೇಳಿದ, "ಇವತ್ತ ಬಚ್ಚಲದಾಗ ಒಗದವರು ಯಾರು?" ನಾ ಅಂದೆ, "ಮುಂಜಾನೆ ಅಕಿ ಒಗೀತಿದ್ಲಪಾ." ಅಷ್ಟ. ಅದರಾಗ ಒಂದೂ ಸುಳ್ಳು ಮಾತಿಲ್ಲ ನೋಡ್ರಿ. ಆದಾಮಂದೂ ಹಂಗ ಇತ್ತಲ್ಲ, ಅಕಿ ಕೊಟ್ಟಿದ್ದು ಖರೇನ, ಅವ ತಿಂದಿದ್ದೂ ಖರೇನ. ಖರೇ ಮಾತಿನಿಂದನ ಸುಳ್ಳು ಹೊಲೀಬಹುದು ಅಂತ ನನಗ ಅವತ್ತ ಗೊತ್ತಾತು.

ಅಕಿ ಮದವ್ಯಾಗಿ ಬಂದು ವರ್ಷ ತುಂಬಿರಲಿಲ್ಲ. ಅಕಿನೂ ನಂಬಿದ್ಲು. ನೀರು ಸರಿ ಹೊಡದಿರಲಿಕ್ಕಿಲ್ಲ ಅಂತ ತಾನ ತಿಳಕೊಂಡು, ಯಾರೂ ಕೇಳದನ ತವರಮನಿಯವರು ಹಾಕಿದ್ದ ಪಾಟ್ಲಿ ಬಿಚ್ಚಿ ಆಪರೇಶನ್ ಖರ್ಚಿಗೆ ಕೊಟ್ಲು. ಅಡಾ ಇಟ್ರು. ನಾ ಆ ಬೋಳ ಕೈ ದಿನಾ ನೋಡಿದೆ. ಜೋಡಿ ಕೂತು ರೊಟ್ಟಿ ಬಡದೆ.

ಅತ್ತಿ ಮಾತ್ರ ಯಾರು ಕೇಳಿದ್ರೂ, "ನನ್ನ ಕಾಲು ಜಾರಿತು, ಯಾರದೂ ತಪ್ಪಿಲ್ಲ" ಅಂತಿದ್ರು. ಮನಿಗೆ ಬಂದಮ್ಯಾಲ ಒಂದಿನ ಸಂಜೀಮುಂದ ವಾಕರ್ ಹಿಡಕೊಂಡು ಅಡಗಿಮನಿ ಬಾಗಲಕ್ಕ ಬಂದು ನಿಂತ್ರು. "ಅವತ್ತ ಬಚ್ಚಲದಾಗ ಕೌದಿ ಯಾರವು ಇದ್ದುವವಾ?" ಅಂದ್ರು. ಆ ಕೌದಿ ಹೊಲದಾಕಿನ ಅವರು. ತಮ್ಮ ಹಳೀ ಸೀರಿ ಹರದು ನನ್ನ ಮಕ್ಕಳಿಗಂತ ಹೊಲದಿದ್ರು, ನನ್ನ ಮಕ್ಕಳ ಹಾಸಿಗಿ ಮ್ಯಾಲಿನವು. ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಅಂತ ಕೇಳಿದ್ರು. ನಾ ಒಲಿ ಕಡೆ ಮಾರಿ ಮಾಡಿ, "ನೆನಪಿಲ್ಲರೀ ಅತ್ತಿ" ಅಂದೆ. "ಹೂಂ" ಅಂದು ಹೊಳ್ಳಿ ಹೋದ್ರು. ವಾಕರಿನ ಸಪ್ಪಳ ಇನ್ನೂ ಕಿವಿಯಾಗೈತಿ.

ಮುಂದಿನ ತಿಂಗಳಿಂದ ತಮ್ಮ ಪಿಂಚಣಿಯೊಳಗ ಅರ್ಧಾ ತಗದು ಇಡಾಕ ಸುರು ಮಾಡಿದ್ರು. ಸಾಲಿ ಮಾಸ್ತರಿಣಿ ಆಗಿದ್ದವರ ಪಿಂಚಣಿ ಎಷ್ಟಿರತೈತಿ? ಹದಿನಾಕು ತಿಂಗಳು. ಮಳಗಾಲಕ್ಕ ಛತ್ರಿ ಹೊಸಾದು ತಗೊಳ್ಳಲಿಲ್ಲ, ಕನ್ನಡಕ ಬದಲಿ ಮಾಡಲಿಲ್ಲ. ಕಡೀಕ ಒಂದಿನ ಪಾಟ್ಲಿ ಬಿಡಿಸಿಕೊಂಡು ಬಂದು ನೆಗೆಣ್ಣಿ ಕೈಗೆ ತಾವ ಹಾಕಿದ್ರು. ನನಗೇನೂ ಅನ್ನಲಿಲ್ಲ.

ಅತ್ತಿ ಕನ್ನಡ ಕಲಸತಿದ್ರು. ಅವರ ಕಪಾಟಿನಾಗ ಕಿಟ್ಟೆಲರ ಶಬ್ದಕೋಶ ಇತ್ತು, 1894ರಾಗ ಮಂಗಳೂರಾಗ ಅಚ್ಚಾದದ್ದರ ಮರುಮುದ್ರಣ. ಬಾಸೆಲ್ ಮಿಶನ್‌ನವರು 1834ಕ್ಕ ಮಂಗಳೂರಿಗೆ, 1837ಕ್ಕ ಧಾರವಾಡಕ್ಕ ಬಂದವರು. ಕಿಟ್ಟೆಲರೂ ಆ ಮಿಶನ್ನಿನವರ. ಮಾತಿಗೆ ಅರ್ಥ ಕೇಳಿದ್ರ ಅತ್ತಿಗೆ ಎಲ್ಲಿಲ್ಲದ ಹುರುಪು. ಒಮ್ಮೆ ನಾ, ಈ ವಿಮೋಚನೆ ಅಂತ ದಿನಾ ಹಾಡತೀವಲ್ಲ, ಹಂಗಂದ್ರ ಏನ್ರಿ ಅಂತ ಕೇಳಿದ್ದೆ. ಅವರು ಶಬ್ದಕೋಶ ತಗೀಲಿಲ್ಲ. "ಅಡಾ ಇಟ್ಟಿದ್ದನ್ನ ಬಿಡಿಸಿಕೊಂಡು ಬರೂದವಾ" ಅಂದ್ರು. ಇದು ಪಾಟ್ಲಿಕಿಂತ ಭಾಳ ಮೊದಲಿನ ಮಾತು. ಅವತ್ತ ಹಗರ ಮಾತು ಅನಿಸಿತ್ತು.

ಆಮ್ಯಾಲ ನೋಡಿದ್ರ ಸತ್ಯವೇದದ ತುಂಬಾ ಅದ ಐತಿ. ಯಾಜಕಕಾಂಡದ ಇಪ್ಪತ್ತೈದನೇ ಅಧ್ಯಾಯದಾಗ, ಬಡತನಕ್ಕ ಒಬ್ಬ ಹೊಲಾ ಮಾರಿಕೊಂಡ್ರ ಹತ್ತಿರದ ಬಳಗದಾವ ಬಂದು ಬಿಡಿಸಬೇಕು ಅಂತ ಕಾಯದೆ ಐತಿ. ರೂತಳ ಕತಿಯೊಳಗ ಬೋವಜ ಮಾಡಿದ್ದೂ ಅದನ. ಅವನಕಿಂತ ಹತ್ತಿರದ ಬಳಗದಾವ ಒಬ್ಬ ಇದ್ದ, ಹೊಲಾ ಅಂದಾಗ ಹೂಂ ಅಂದ, ಸೊಸಿ ಜವಾಬ್ದಾರಿನೂ ಬರತೈತಿ ಅಂದಕೂಡಲೇ ಹಿಂದ ಸರದ. ಬಿಡಿಸಬೇಕಂದ್ರ ಕೈಯಿಂದ ಹೋಗತೈತಿ. ಯಾರದರ ಕೈಯಿಂದ ಹೋಗಲೇಬೇಕು. ತನ್ನದನ ಇದ್ದ ಒಡವಿ, ಹೊಳ್ಳಿ ತಾನ ರೊಕ್ಕಾ ಕೊಟ್ಟು ತರೂದು. ಯೇಸುಸ್ವಾಮಿ ಶಿಲುಬಿ ಮ್ಯಾಲ ಕೊಟ್ಟಿದ್ದನ್ನ ನನಗ ಇದಕ್ಕಿಂತ ಬ್ಯಾರೆ ರೀತಿ ತಿಳಿಸಿ ಹೇಳಾಕ ಬರೂದಿಲ್ಲ, ಅಕ್ಕಾರ. ದೇವರು ಮಾಡಿದ್ದು, ದೇವರದ, ನಾವು ಅಡಾ ಇಟ್ಟುಬಂದ್ವಿ. ಅಂವ ಬಂದು ಬಿಡಿಸಿದ. ಮನಷ್ಯಾರನ್ನಷ್ಟ ಅಲ್ಲ, ಆ ಮುಳ್ಳು ಹೊತ್ತ ನೆಲಾನೂ ಬಿಡುಗಡಿಗೆ ಕಾಯಾಕತ್ತೇತಿ, ಬ್ಯಾನಿ ತಿನ್ನೋ ಬಾಣಂತಿಹಂಗ ನರಳತೈತಿ ಅಂತ ರೋಮಾಪುರದ ಕಾಗದದಾಗ ಐತಿ. ಆ ಹೋಲಿಕಿ ಪೌಲಗ ಯಾರು ಹೇಳಿಕೊಟ್ರೋ.

ಆದ್ರ ಒಂದ ಮಾತಿಗೆ ನನ್ನ ತಕರಾರು ಐತಿ. ನಮ್ಮ ಪ್ರಾರ್ಥನಾ ಕೂಟದಾಗ ಮೈಕು ಹಿಡಕೊಂಡು, ಕರ್ತಾ ನನ್ನ ಎಲ್ಲಾ ಪಾಪ ಕ್ಷಮಿಸ್ಯಾನ ಅಂತ ಸಾಕ್ಷಿ ಹೇಳತೀವಿ. ಕೇಡು ಮಾಡಿಸಿಕೊಂಡಾಕಿ ಮೂರನೇ ಸಾಲಿನಾಗ ಚಪ್ಪಾಳಿ ತಟ್ಟಿಕೋತ ಕೂತಿರ್ತಾಳ. ನಾನೂ ಹಂಗ ಹೇಳೀನಿ, ಎರಡ ಸಲ. ಅಂವ ಬಿಡಿಸ್ಯಾನ ಅಂದಕೂಡಲೇ ಮಂದಿ ಸಾಲಾ ತೀರಿತು ಅಂತ ಅಲ್ಲ. ಕಾಣಿಕಿ ಕೊಡಾಕ ಹೋದಾಗ ಯಾರಿಗೋ ನಿನ್ನ ಮ್ಯಾಲ ಏನೋ ಐತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಮೊದಲ ಅವರ ಹಂತೇಕ ಹೋಗು ಅಂತ ಯೇಸುಸ್ವಾಮಿನ ಅಂದಾನ. ಜಕ್ಕಾಯನ ಮನಿಗೆ ಅಂವ ಉಣ್ಣಾಕ ಹೋದಾಗ, ಯಾರದರ ಮೋಸಲೆ ತಗೊಂಡಿದ್ರ ನಾಕ ಪಟ್ಟು ಹೊಳ್ಳಿ ಕೊಡ್ತೀನಿ ಅಂತ ಜಕ್ಕಾಯ ಎದ್ದು ನಿಂತು ಅಂದ. ಮೈಕು ಹಿಡೀಲಿಲ್ಲ, ಲೆಕ್ಕಾ ತಗದ. ದೇವರ ಕ್ಷಮಾ ಅನ್ನೋದನ್ನ ಮಂದಿ ಮಾರಿ ತಪ್ಪಿಸೋ ಸಂದಿ ಮಾಡಿಕೊಳ್ಳೂದು ಹೊಸಾ ಅಂಜೂರದ ಎಲಿ. ನಾ ಎಂಟು ವರ್ಷ ಉಟ್ಟೀನಿ, ಅದಕ್ಕ ಹೇಳಾಕತ್ತೀನಿ.

ಉಂಡಿ ಡಬ್ಬಿ ಬಂದ ರಾತ್ರಿ, ಭಾಂಡಿ ತಿಕ್ಕುವಾಗ ಹೇಳಿದೆ. ಅಕಿ ಕೈ ಒರಸಿಕೊಂಡ್ಲು, ಒಳಗ ಹೋದ್ಲು. ಒಂಬತ್ತು ದಿನ ಹುಡುಗ್ರ ಕೈಯಿಂದ ಮಾತು. "ದೊಡ್ಡವ್ವಗ ಹೇಳು, ಸಾರು ಆಗೇತಂತ." ಹತ್ತನೇ ದಿನ ತಾನ ಬಂದ್ಲು. ಅತ್ತಿ ಹೋಗಿ ಮೂರು ವರ್ಷ ಆತು, ಅವರು ಸಾಯೂತನಕ ಕಾಲು ಎಳಕೋತ ಅಡ್ಡಾಡಿದಾಗೆಲ್ಲಾ ನನ್ನಿಂದ ಅಂತ ಎದಿಯಾಗ ಕಲ್ಲು ಇಟ್ಟಕೊಂಡಿದ್ದೆ, ಅದನ್ನ ಹೆಂಗ ಹೊಳ್ಳಿ ಕೊಡ್ತೀರಿ ಅಂತ ಕೇಳಿದ್ಲು. ನನ್ನ ಹಂತೇಕ ಉತ್ತರ ಇರಲಿಲ್ಲ. ಆಮ್ಯಾಲ ಅಂದ್ಲು: "ಎಲ್ಲಾರ ಮುಂದ ನನ್ನ ಹೆಸರು ಹೇಳಿದ್ರಿ. ಎಲ್ಲಾರ ಮುಂದ ನಿಮ್ಮ ಹೆಸರು ಹೇಳ್ರಿ, ಅಕ್ಕಾ." ಅದಕ್ಕ ಇದು. ಮನ್ನಿಸೀನಿ ಅಂತ ಅಕಿ ಅಂದಿಲ್ಲ. ಅನ್ನು ಅಂತ ಕೇಳೋ ಹಕ್ಕು ನನಗಿಲ್ಲ.

ಆ ಮೂರನೇ ಅಧ್ಯಾಯದ ಕಡೀಕ ಎರಡು ಸಣ್ಣ ಮಾತು ಅದಾವ, ಎಲ್ಲಾರೂ ದಾಟಿ ಹೋಗ್ತಾರ. ಒಂದು, ಇಷ್ಟೆಲ್ಲಾ ಆದಮ್ಯಾಲ ಆದಾಮ ಅಕಿಗೆ ಹವ್ವ ಅಂತ ಹೆಸರಿಟ್ಟ, ಬದುಕೋರೆಲ್ಲರ ತಾಯಿ ಅಂತ. ಸಣ್ಣಾಕಿದ್ದಾಗ ನನಗ ಅದು ಅವ್ವ ಅಂತನ ಕೇಳಸತಿತ್ತು. ಇನ್ನೊಂದು, ತ್ವಾಟದಿಂದ ಹೊರಗ ಕಳಸೋ ಮೊದಲ ದೇವರು ಕೂತು ಇಬ್ಬರಿಗೂ ತೊಗಲಿನ ಅಂಗಿ ಮಾಡಿ ತೊಡಸಿದ. ಎಲಿ ಕಿತ್ತು ಒಗದು ಬೆತ್ತಲೆ ಕಳಸಲಿಲ್ಲ. ಹೊರಗ ಥಂಡಿ ಐತಿ ಅಂತ ಅವಗ ಗೊತ್ತಿತ್ತು.

ಹಾಕೋ ಮೊದಲ ಇದನ್ನ ನೆಗೆಣ್ಣಿಗೆ ಓದಿ ತೋರಿಸಿದೆ. ಕಡೀತನಕ ಸುಮ್ಮ ಕೇಳಿದ್ಲು. "ಪಾಟ್ಲಿ ಅಷ್ಟ ಅಲ್ಲ, ಬೋರಮಾಳನೂ ಇತ್ತು. ಅದನ್ನೂ ಬರೀರಿ" ಅಂದ್ಲು. ಬೋರಮಾಳನೂ ಇತ್ತು.